ಏಜೆಂಟು ಓದುವ ಮೂಲವು ಇಂದಿನದೋ, ಹಿಂದಿನದೋ?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪಾಲಕರಲ್ಲಿಯೂ ಅನೇಕರು ಈಗ ಕೃತಕ ಬುದ್ಧಿಮತ್ತೆಯ ಏಜೆಂಟುಗಳಿಂದ ಕೆಲಸ ಮಾಡಿಸಿಕೊಳ್ಳುತ್ತಿರುವರೆಂಬದು ನಮಗೆ ತಿಳಿದ ಸಂಗತಿಯೇ ಆಗಿದೆ. ಏಜೆಂಟು ಉತ್ತರ ಹೇಳಿ ಸುಮ್ಮನಾಗುವ ಯಂತ್ರವಲ್ಲ. ಅಂತರ್ಜಾಲದ ಪುಟಗಳನ್ನು ತಾನೇ ಹುಡುಕಿ, ಕಡತಗಳನ್ನು ತೆರೆದು, ಅಪ್ಪಣೆಯಿದ್ದರೆ ಅರ್ಜಿಯನ್ನೂ ತುಂಬಿ ಕಳುಹಿಸುವದು. ಅದು ಹಳೆಯ ಪುಟವನ್ನು ನಂಬಿದರೆ ತಪ್ಪು ಮಾತಿನಲ್ಲಿಯೇ ನಿಲ್ಲದೆ ಕಾರ್ಯಕ್ಕೂ ಇಳಿಯುವದು. ಆದುದರಿಂದ ಅದರ ಮೂಲಗಳನ್ನು ಪರೀಕ್ಷಿಸುವ ಬಗೆಯನ್ನು ಇಲ್ಲಿ ತುಸು ವಿವರಿಸಬೇಕೆಂದಿರುವೆವು.

ಏಜೆಂಟಿನ ತಿಳಿವಳಿಕೆಯು ಎರಡು ಕಡೆಯಿಂದ ಬರುವದು. ಒಂದು, ತರಬೇತಿನ ಕಾಲದಲ್ಲಿ ಅದಕ್ಕೆ ಓದಿಸಿದ ಬರೆಹಗಳ ರಾಶಿ. ಆ ಓದು ಒಂದು ದಿನ ನಿಂತಿರುವದು. ಅಲ್ಲಿಂದ ಮುಂದಿನ ಲೋಕವು ಆ ರಾಶಿಯಲ್ಲಿ ಇರುವದಿಲ್ಲ. ಇನ್ನೊಂದು, ಕೇಳಿದ ಹೊತ್ತಿಗೆ ಅದು ಹೊರಗಿನಿಂದ ತರುವ ಪುಟ. ಹೊರಗಿನಿಂದ ತಂದದ್ದೆಲ್ಲ ಹೊಸದೆಂದು ಹಲವರು ಎಣಿಸುವರು; ಹಾಗಲ್ಲ. ಎಷ್ಟೋ ವೇಳೆ ಅದು ನೋಡುವದು ಮೂಲಪುಟವನ್ನಲ್ಲ, ಹಿಂದೆಂದೋ ತೆಗೆದಿಟ್ಟ ಅದರ ಪ್ರತಿಯನ್ನು. ಕಚೇರಿಯ ಕಡತಗಳನ್ನೇ ಅದರ ಕೈಗೆ ಕೊಟ್ಟರೂ ಅಲ್ಲಿ ಕಳೆದ ವರ್ಷದ ಸುತ್ತೋಲೆಯೂ ಈ ವರ್ಷದ್ದೂ ಒಟ್ಟಿಗೆ ಬಿದ್ದಿರುವವು. ದಿನಾಂಕವನ್ನು ಲಕ್ಷಿಸಬೇಕೆಂದು ಯಾರೂ ಏರ್ಪಡಿಸದಿದ್ದರೆ, ಪ್ರಶ್ನೆಯ ಮಾತಿಗೆ ಯಾವದು ಹೆಚ್ಚು ಹೋಲುವದೋ ಅದನ್ನೇ ಯಂತ್ರವು ಎತ್ತಿಕೊಳ್ಳುವದು.

ಉಪಾಧ್ಯಾಯಿನಿಯರಾದ ನಮಗೆ ಒಗ್ಗಿದ ಪರೀಕ್ಷೆಯೊಂದುಂಟು. ಉತ್ತರವು ಇತ್ತೀಚೆಗೆ ಬದಲಾಗಿದೆಯೆಂದು ನಮಗೆ ಮೊದಲೇ ತಿಳಿದಿರುವ ಪ್ರಶ್ನೆಯನ್ನು ಕೇಳಿ ನೋಡುವದು. ಕರ್ನಾಟಕದಲ್ಲಿ ಜಿಲ್ಲೆಗಳು ಎಷ್ಟು? 30 ಎಂದರೆ ಆ ಮೂಲವು 2021ಕ್ಕಿಂತ ಹಿಂದಿನದು. ಆ ವರ್ಷ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರವು 31ನೆಯ ಜಿಲ್ಲೆಯಾಯಿತು. ಆದರೆ 31 ಎಂದ ಮಾತ್ರಕ್ಕೆ ಮೂಲವು ಇಂದಿನದೆಂದು ಸಿದ್ಧವಾಗದು. 2021ರ ಈಚಿನದೆಂದಷ್ಟೇ ತಿಳಿಯುವದು. ಪರೀಕ್ಷೆಯ ವಿಷಯ ಬೇಕಾಗಿದ್ದರೆ ಆ ವಿಷಯದಲ್ಲಿಯೇ ಕೇಳಬೇಕು. 2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ಪೂರಕ ಪರೀಕ್ಷೆಯೆಂಬ ಹೆಸರು ಹೋಗಿ, ಪರೀಕ್ಷೆ 1, 2, 3 ಎಂದು ಮೂರು ನಡೆದವು. ಇದನ್ನರಿಯದ ಪುಟವನ್ನು ಈ ವರ್ಷದ ದಿನಾಂಕಗಳಿಗಾಗಿ ನಂಬಲಾಗದು. ಇನ್ನೊಂದು ಎಚ್ಚರಿಕೆ: ಏಜೆಂಟು ಪುಟವನ್ನು ನೋಡದೆ ತನ್ನ ಹಳೆಯ ಓದಿನಿಂದಲೇ ಸರಿಯುತ್ತರ ಹೇಳಿಬಿಡಬಹುದು. ಉತ್ತರವಿರುವ ವಾಕ್ಯವನ್ನು ಪುಟದಲ್ಲಿಯೇ ತೋರಿಸೆಂದು ಕೇಳಿ, ಆ ಪುಟವನ್ನು ನಾವೇ ತೆರೆದು ನೋಡತಕ್ಕದ್ದು.

ಪುಟದ ಮೇಲೆ ದಿನಾಂಕವಿರುವದಲ್ಲವೇ ಎಂದು ಪಾಲಕರೊಬ್ಬರು ಕೇಳಿದರು. ಇರುವದು, ಆದರೆ ಕೆಲವು ಪುಟಗಳ ಅಡಿಯಲ್ಲಿರುವ ವರ್ಷವು ಗಡಿಯಾರದ ಮುಳ್ಳಿನಂತೆ ತಾನಾಗಿಯೇ ತಿರುಗುವದು, ಒಳಗಿನ ಬರೆಹವನ್ನು ಯಾರೂ ಮುಟ್ಟಿರುವದಿಲ್ಲ. ಪುಟವು ಪ್ರಕಟವಾದ ದಿನ ಬೇರೆ, ಅದರೊಳಗಿನ ಸಂಗತಿಯ ದಿನ ಬೇರೆ, ಯಂತ್ರವು ಅದನ್ನು ತೆಗೆದುಕೊಂಡ ದಿನ ಬೇರೆ. ಹಾಗೆಂದು ಹಳೆಯದೆಲ್ಲ ಹಳಸಿದ್ದಲ್ಲ. ಕರ್ನಾಟಕದ ಜನಸಂಖ್ಯೆ 6,10,95,297 ಎಂಬದು 2011ರ ಗಣತಿಯ ಲೆಕ್ಕ. 2021ರ ಗಣತಿಯು ಮುಂದಕ್ಕೆ ಹೋದದ್ದರಿಂದ, ಹೊಸ ಎಣಿಕೆ ಪ್ರಕಟವಾಗುವ ತನಕ ಎಣಿಸಿ ಪಡೆದ ಸಂಖ್ಯೆಯು ಅದೊಂದೇ. ವರ್ಷವನ್ನು ಜೊತೆಗೆ ಹೇಳಿದರೆ ಸಾಕು.

ಕಳೆದ ವರ್ಷ ನಮ್ಮ ವಿದ್ಯಾರ್ಥಿನಿಯೊಬ್ಬಳ ಮನೆಯವರು ವಿದ್ಯಾರ್ಥಿವೇತನದ ಅರ್ಜಿಯ ಕಡೆಯ ದಿನವನ್ನು ಏಜೆಂಟಿನಿಂದ ಕೇಳಿ ನಿಶ್ಚಿಂತರಾಗಿದ್ದರು. ಮೂರು ಪುಟಗಳು ಒಂದೇ ದಿನವನ್ನು ಹೇಳಿದ್ದವು. ತರಗತಿಯ ಉಪಾಧ್ಯಾಯಿನಿಯವರು ವಿಚಾರಿಸಲಾಗಿ, ಮೂರೂ ಹಿಂದಿನ ವರ್ಷದ ಒಂದೇ ಪ್ರಕಟಣೆಯ ನಕಲುಗಳೆಂದು ತಿಳಿಯಿತು; ನಿಜವಾದ ಗಡುವಿಗೆ ಎರಡೇ ದಿನ ಉಳಿದಿದ್ದವು. ತಂದೆಯಿಲ್ಲದ ಆ ಮಗುವಿನ ಓದು ಆ ಹಣವನ್ನೇ ನೆಚ್ಚಿಕೊಂಡಿತ್ತು.

ನಮ್ಮಲ್ಲಿ ಓದಿ ದಾದಿಯರಾದವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಗೊತ್ತು. ಹೃದಯ ನಿಂತು ಬಿದ್ದವರಿಗೆ ಮೊದಲು ಶ್ವಾಸಮಾರ್ಗ, ಬಳಿಕ ಉಸಿರು, ಆ ಮೇಲೆ ಎದೆ ಒತ್ತುವದು ಎಂದು ಹಿಂದೆ ಕಲಿಸುತ್ತಿದ್ದರು. 2010ರಲ್ಲಿ ಅಮೇರಿಕದ ಹೃದಯ ಸಂಘವು ಈ ಕ್ರಮವನ್ನು ಬದಲಿಸಿ, ನವಜಾತ ಶಿಶುಗಳ ಹೊರತು ಉಳಿದವರಿಗೆ ಎದೆ ಒತ್ತುವದನ್ನೇ ಮೊದಲು ಮಾಡಿತು. ಬಾಯಿ ತೆರೆದು ಉಸಿರೂದುವಷ್ಟರಲ್ಲಿ ರಕ್ತಸಂಚಾರಕ್ಕೆ ಬೇಕಾದ ಹೊತ್ತು ಕಳೆದುಹೋಗುತ್ತಿತ್ತು. ಹಳೆಯ ಕ್ರಮದ ಪುಟಗಳನ್ನು ಯಾರೂ ಅಳಿಸಿಲ್ಲ. ಅವು ತಮ್ಮ ಕಾಲದಲ್ಲಿ ಸರಿಯಾದವುಗಳೇ; ಆದುದರಿಂದಲೇ ಓದಲು ನಂಬಿಕೆ ಹುಟ್ಟಿಸುವವು.

ಏಜೆಂಟಿಗೆ ಕೆಲಸ ಒಪ್ಪಿಸುವಾಗ ಪ್ರಕಟಣೆ ಹೊರಡಿಸಿದ ಕಚೇರಿಯ ಪುಟವನ್ನೇ ನೋಡೆಂದೂ, ಪ್ರಕಟಣೆಯ ದಿನಾಂಕ ಸಿಕ್ಕದಿದ್ದರೆ ಸಿಕ್ಕಲಿಲ್ಲವೆಂದು ಹೇಳೆಂದೂ, ನಮಗೆ ತೋರಿಸದೆ ಅರ್ಜಿಯನ್ನಾಗಲಿ ಹಣವನ್ನಾಗಲಿ ಕಳುಹಿಸಬೇಡವೆಂದೂ ಮೊದಲೇ ಬರೆಯಿರಿ. ಹತ್ತನೆಯ ತರಗತಿಯ ನಮ್ಮ ಹುಡುಗಿಯರು ಯಂತ್ರದಿಂದ ಪಡೆದ ಪ್ರತಿ ಸಂಗತಿಯ ಎದುರಿಗೆ ಮೂಲದ ಹೆಸರು, ಅದು ಪ್ರಕಟವಾದ ದಿನ, ತಾವು ನೋಡಿದ ದಿನ ಎಂಬೀ ಮೂರನ್ನು ಬರೆದಿಡುತ್ತಿರುವರು. ಎರಡನೆಯ ಕಾಲಮು ಖಾಲಿಯಿದ್ದ ಸಂಗತಿಗೆ ಅಂಕ ಕೊಡುವದಿಲ್ಲ.