ಅಜ್ಜಿ ಬಾಯಿಬಿಡದ ಉರಿಮೂತ್ರ

ದುರ್ಗಾಪೂಜೆಗೆ ಗರಿಯಾಹಾಟ್, ಲೇಕ್ ಮಾರ್ಕೆಟ್ ಕಡೆ ಪೆಂಡಾಲು ನೋಡಲು ಹೊರಟರೆ ನಮ್ಮ ಹಿರಿಯ ಹೆಂಗಸರು ಬೆಳಗಿನಿಂದಲೇ ನೀರು ಮುಟ್ಟುವುದಿಲ್ಲ. ಆ ಜನಜಂಗುಳಿಯಲ್ಲಿ ಶೌಚಾಲಯ ಎಲ್ಲಿ ಹುಡುಕುವುದು ಎಂಬ ಚಿಂತೆ! ಸಕ್ಕರೆ ಕಾಯಿಲೆಯವರಿಗೆ ಈ ನಿರ್ಜಲ ವ್ರತ ದುಬಾರಿ.

ರಕ್ತದಲ್ಲಿ ಸಕ್ಕರೆ ಏರಿದರೆ ಮೂತ್ರಕ್ಕೂ ಇಳಿಯುತ್ತದೆ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಕಾಯಿಲೆ ಹಳೆಯದಾದರೆ ನರಗಳು ಸೋತು ಮೂತ್ರಕೋಶ ಪೂರ್ತಿ ಖಾಲಿಯಾಗದೆ, ಉಳಿದದ್ದರಲ್ಲಿ ರೋಗಾಣು ಬೆಳೆಯುತ್ತದೆ. ಆದ್ದರಿಂದ ಸಕ್ಕರೆ ಹತೋಟಿಯಲ್ಲಿರಬೇಕು. ನೀರು ಸಾಕಷ್ಟು ಕುಡಿಯಬೇಕು (ಹೃದಯ, ಕಿಡ್ನಿ ತೊಂದರೆಯಿದ್ದರೆ ವೈದ್ಯರು ಹೇಳಿದಷ್ಟೇ). ಮೂರು ನಾಲ್ಕು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ, ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ಪ್ರಯತ್ನಿಸಬೇಕು. ಬಾರ್ಲಿ ನೀರು ಬೇಡವೆನ್ನಲಾರೆ. ಆದರೆ ಅದು ಔಷಧಿಯಲ್ಲ, ಸಕ್ಕರೆಯಂತೂ ಹಾಕಬೇಡಿ.

ಮಕ್ಕಳೇ, ನಿಮ್ಮಿಂದ ಆಗಬೇಕಾದದ್ದು ಬೇರೆ. ಅಜ್ಜಿಯನ್ನು ಡಾಕ್ಟರ ಬಳಿ ಕರೆದೊಯ್ಯುವವರು, ಬಂಗಾಳಿಯಲ್ಲಿ ವಿವರಿಸುವವರು ನೀವೇ. ಮಗನೆದುರು ಆಕೆ ಬಾಯಿಬಿಡುವುದಿಲ್ಲ. ‘ಯೂರಿನ್ ಇನ್ಫೆಕ್ಷನ್’ ಎನ್ನಲು ನಾಚದ ನಾವು ‘ಉರಿಮೂತ್ರ’ ಎನ್ನಲು ನಾಚುತ್ತೇವೆ, ವಿಚಿತ್ರ! ಮೊಮ್ಮಗಳು ಮೆಲ್ಲಗೆ ಕೇಳಿದರೆ ಹೇಳಿಯಾಳು. ಹಳೆಯ ಚೀಟಿ ಹಿಡಿದು ಅಂಗಡಿಯಿಂದ ಮಾತ್ರೆ ತರಬೇಡಿ. ಅರ್ಧಂಬರ್ಧ ಔಷಧಿಗೆ ರೋಗಾಣು ಜಗ್ಗದಂತಾಗುತ್ತದೆ. ಮತ್ತೆ ಮತ್ತೆ ಬರುತ್ತಿದ್ದರೆ ಮಾತ್ರೆಗೆ ಮುಂಚೆಯೇ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ. ಯಾವ ಔಷಧಿ ನಾಟುತ್ತದೆಂದು ತಿಳಿಯುತ್ತದೆ. ಮುಟ್ಟು ನಿಂತವರಿಗೆ ಒಳಗೆ ಹಚ್ಚುವ ಈಸ್ಟ್ರೋಜನ್ ಮುಲಾಮು ಈ ಮರುಕಳಿಕೆಯನ್ನು ತಗ್ಗಿಸುತ್ತದೆ, ವೈದ್ಯರನ್ನು ಕೇಳಿ. ಚಳಿಜ್ವರ, ವಾಂತಿ, ಪಕ್ಕೆಯ ಹಿಂದೆ ನೋವು ಕಂಡರೆ ಸೋಂಕು ಕಿಡ್ನಿಗೆ ಏರಿರಬಹುದು. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.