ಸೀರೆಯ ವಾಸನೆ, ಬೋರ್‌ವೆಲ್ ನೀರು
ಜಯನಗರದಲ್ಲಿ ಡ್ರೈಕ್ಲೀನ್ ಮಾಡಿಸಿದ ರೇಷ್ಮೆ ಸೀರೆಗೆ ಒಂಥರಾ ಸಿಹಿ ವಾಸನೆ ಇದ್ರೆ ಅದು ‘ಪರ್ಕ್’ ಇರಬಹುದು. ಎರಡು ಕಾರ್ಬನ್, ಅದಕ್ಕಂಟಿದ 4 ಕ್ಲೋರಿನ್. ನೀರಿಗಿಂತ ಭಾರ, ನೆಲಕ್ಕೆ ಚೆಲ್ಲಿದರೆ ಇಳಿದು ಅಂತರ್ಜಲ ಸೇರುತ್ತೆ. ಬೋರ್‌ವೆಲ್ ನಂಬಿರೋ ಜೆ.ಪಿ. ನಗರ, ಬನಶಂಕರಿಯವರೇ, ಗಮನಿಸಿ. ಇದ್ದಿಲಿನ ಫಿಲ್ಟರ್ ಇದನ್ನು ಹಿಡಿದಿಡುತ್ತೆ ಅಷ್ಟೆ, ನಾಶ ಮಾಡಲ್ಲ.

ನಾಶ ಮಾಡೋಕೆ ಜಿಯೋಲೈಟ್ ಇದೆ. ಜೇನುಗೂಡಿನ ಥರ ಸೂಕ್ಷ್ಮ ರಂಧ್ರಗಳಿರೋ ವಸ್ತು. ರಂಧ್ರದೊಳಗೆ ಪಲ್ಲಾಡಿಯಂ ಕೂರಿಸಿ ಹೈಡ್ರೋಜನ್ ಕೊಟ್ಟರೆ ಕ್ಲೋರಿನ್ ಕಳಚಿ, ಆ ಜಾಗಕ್ಕೆ ಹೈಡ್ರೋಜನ್ ಬರುತ್ತೆ. ಕೊನೆಗೆ ಉಳಿಯೋದು ಈಥೇನ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ. ತಲೆನೋವು ಅಂದ್ರೆ ಗಂಧಕ: ಸಲ್ಫೈಡ್ ತಾಗಿದರೆ ಪಲ್ಲಾಡಿಯಂ ಕೈಚೆಲ್ಲುತ್ತೆ. ನೀರನ್ನು ದೂರವಿಡೋ ಜಿಯೋಲೈಟ್ ಆದ್ರೆ ಪರ್ಕ್ ಒಳಗೆ, ಸಲ್ಫೈಡ್ ಬಹುಪಾಲು ಹೊರಗೆ. ಜಾಣ ಕಾವಲುಗಾರ! ಆದ್ರೆ ಪಲ್ಲಾಡಿಯಂ ದುಬಾರಿ. ಮುಂದಿನ ಸಲ ಅಂಗಡಿಯವರನ್ನೇ ಕೇಳಿ: ಬಳಸಿದ ಪರ್ಕ್ ಎಲ್ಲಿಗೆ ಹೋಗುತ್ತೆ?