ಮನೆಗೊಂದು ‘ವೋಕ್’ ಬೇಕೇ? ಮೊದಲು ಅಟ್ಟದ ಮೇಲಿನ ಕಬ್ಬಿಣದ ಕಡಾಯಿ ನೋಡಿ!

ಹಾತಕಣಂಗಲೆ: ಇಚಲಕರಂಜಿಯ ಯಾವ ಚೌಕದಲ್ಲಿ ನಿಂತರೂ ಸಂಜೆ ಏಳರ ಮೇಲೆ ಒಂದು ಸದ್ದು ಕೇಳುತ್ತದೆ. ಮಗ್ಗದ ಸದ್ದಲ್ಲ, ಅದು ಹಗಲೂ ರಾತ್ರಿ ಇದ್ದದ್ದೇ. ಇದು ಕಬ್ಬಿಣದ ಬಾಣಲೆಗೆ ಸಟ್ಟುಗ ಬಡಿಯುವ ಸದ್ದು. ಗ್ಯಾಸಿನ ಉರಿ ಭರ್ ಅನ್ನುತ್ತಿರುತ್ತದೆ, ಮಂಚೂರಿ, ನೂಡಲ್ಸ್, ಫ್ರೈಡ್ ರೈಸ್ ಎರಡೇ ನಿಮಿಷದಲ್ಲಿ ತಟ್ಟೆಗೆ ಬೀಳುತ್ತವೆ. ಪಾಳಿ ಮುಗಿಸಿದ ಕಾರ್ಮಿಕರು, ಕ್ಲಾಸು ಬಿಟ್ಟ ಹುಡುಗರು, ಸಂತೆಗೆ ಬಂದ ಹಳ್ಳಿಯವರು ಎಲ್ಲರೂ ಅಲ್ಲಿ ಗಿರಾಕಿಗಳೇ. ನಾವು ಕನ್ನಡದಲ್ಲಿ ಮಾತಾಡಲಿ, ಮರಾಠಿಯಲ್ಲಿ ಮಾತಾಡಲಿ, ಮಕ್ಕಳು ಕೇಳುವುದು ಒಂದೇ: ‘ಚೈನೀಸ್ ತಿನ್ನೂಣು’.

ಈಗ ಆ ಗಾಡಿಯ ಬಾಣಲೆಯೇ ಮನೆಗೆ ಬರತೊಡಗಿದೆ. ಪಾತ್ರೆ ಅಂಗಡಿಗಳಲ್ಲಿ ‘ಚೈನೀಸ್ ಕಡಾಯಿ’, ‘ವೋಕ್’ ಎಂದು ಚೀಟಿ ಅಂಟಿಸಿಟ್ಟ ಪಾತ್ರೆಗಳು ಸಾಲಾಗಿ ಕೂತಿವೆ. ಕೆಲವು ಅಗ್ಗ, ಕೆಲವಕ್ಕೆ ಮಗ್ಗದ ಕೆಲಸಗಾರನ ವಾರದ ಸಂಬಳ ಬೇಕು. ಯಾವುದು ಕೊಳ್ಳಬೇಕು, ಕೊಂಡ ಮೇಲೆ ಏನು ಮಾಡಬೇಕು ಎಂಬುದನ್ನು ಅಂಗಡಿಯವನು ಹೇಳುವುದಿಲ್ಲ. ಹೇಳಿದರೂ ಅರ್ಧ ಹೇಳುತ್ತಾನೆ.

ಅಂದ ಹಾಗೆ, ‘ವೋಕ್’ ಅಂದರೆ ದಕ್ಷಿಣ ಚೀನಾದ ಕ್ಯಾಂಟನೀಸ್ ಭಾಷೆಯಲ್ಲಿ ಬಾಣಲೆ, ಅಷ್ಟೇ. ನಮ್ಮ ಕಡಾಯಿ ಅದಕ್ಕೆ ದೂರದ ನೆಂಟ. ಕಡಾಯಿಯ ಗೋಡೆ ಕಡಿದಾಗಿ ನಿಂತಿರುತ್ತದೆ, ತಳ ಆಳ, ಎಣ್ಣೆ ತುಂಬಿ ಭಜಿ ಕರಿಯಲು ಹೇಳಿ ಮಾಡಿಸಿದ್ದು. ವೋಕ್‌ನ ಗೋಡೆ ಇಳಿಜಾರಾಗಿ ಹರಡಿಕೊಂಡಿರುತ್ತದೆ. ತಳದಲ್ಲಿ ಬೆಂದದ್ದನ್ನು ಪಕ್ಕಕ್ಕೆ ಸರಿಸಿ, ಹಸಿಯದನ್ನು ತಳಕ್ಕೆ ಎಳೆದು, ಕೈಯಾಡಿಸುತ್ತಲೇ ಇರಲು ಆ ಆಕಾರ. ಒಂದಕ್ಕೆ ಎರಡು ಕಿವಿ, ಇನ್ನೊಂದಕ್ಕೆ ಉದ್ದ ಹಿಡಿ. ಇಷ್ಟೇ ವ್ಯತ್ಯಾಸ. ಚೀನಾದವರ ಈ ಅಡುಗೆ ನಮ್ಮ ದೇಶಕ್ಕೆ ಬಂದದ್ದು ಕೋಲ್ಕತ್ತಾದ ಹಕ್ಕಾ ಚೀನೀಯರ ಮೂಲಕ. ಮಂಚೂರಿ ಮಾತ್ರ ಚೀನಾದ್ದಲ್ಲ. 1970ರ ದಶಕದಲ್ಲಿ ಮುಂಬಯಿಯಲ್ಲಿ ಕೋಲ್ಕತ್ತಾ ಮೂಲದ ನೆಲ್ಸನ್ ವಾಂಗ್ ಎಂಬ ಅಡುಗೆಯವರು ಕೋಳಿಯಿಂದ ಅದನ್ನು ಶುರು ಮಾಡಿದರು ಎಂದು ಹೇಳುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಆಮೇಲೆ.

ಅಯಸ್ಕಾಂತ ಒಯ್ಯಿರಿ!

ಅಂಗಡಿಯಲ್ಲಿ ನಡೆಯುವ ಮಾತು ಹೆಚ್ಚಾಗಿ ಹೀಗಿರುತ್ತದೆ.

‘ಅಕ್ಕಾರ, ಇದು ಒರಿಜಿನಲ್ ಚೈನೀಸ್ ಕಡಾಯಿ ನೋಡ್ರಿ. ಕಪ್ಪ ಐತಿ, ಗಟ್ಟಿ ಐತಿ.’

‘ಕಬ್ಬಿಣದ್ದೇನ್ರಿ ಅಣ್ಣಾ?’

‘ಹೂಂನ್ರಿ, ಕಬ್ಬಿಣದ್ದ ಅಂತ ತಿಳೀರಿ.’

‘ಅಂತ ತಿಳೀರಿ’ ಎಂದರೆ ಕಬ್ಬಿಣದ್ದಲ್ಲ ಎಂದು ತಿಳಿಯಬಹುದು. ಕಪ್ಪಗಿದ್ದದ್ದೆಲ್ಲ ಕಬ್ಬಿಣವಲ್ಲ. ‘ಹಾರ್ಡ್ ಅನೋಡೈಸ್ಡ್’ ಎಂದು ಬರುವ ಕಪ್ಪು ಪಾತ್ರೆ ಅಲ್ಯುಮಿನಿಯಂ, ಮೇಲ್ಮೈ ಮಾತ್ರ ಗಟ್ಟಿ ಮಾಡಿದ್ದು. ಹಿಂಡಾಲಿಯಂ ಕೂಡ ಅಲ್ಯುಮಿನಿಯಮ್ಮಿನ ಮಿಶ್ರಲೋಹವೇ. ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ, ಪಾತ್ರೆಯ ಗೋಡೆಗೆ ಹಚ್ಚಿ ನೋಡಿ. ತಟ್ಟನೆ ಹಿಡಿದರೆ ಕಬ್ಬಿಣ. ತಳಕ್ಕೆ ಹಚ್ಚಬೇಡಿ, ಇಂಡಕ್ಷನ್ ಒಲೆಗೆಂದು ಕೆಲವು ಅಲ್ಯುಮಿನಿಯಂ ಪಾತ್ರೆಗಳ ತಳಕ್ಕೆ ಮಾತ್ರ ಉಕ್ಕಿನ ಬಿಲ್ಲೆ ಕೂಡಿಸಿರುತ್ತಾರೆ. ಆಗ ಅಯಸ್ಕಾಂತ ಸುಳ್ಳು ಹೇಳುತ್ತದೆ.

ಕಬ್ಬಿಣದಲ್ಲೂ ಎರಡು ಜಾತಿ. ಒಂದು ತಗಡಿನದು, ಅಂದರೆ ಮರಾಠಿಯ ‘ಪತ್ರಾ’ ಬಡಿದು ಬಗ್ಗಿಸಿದ್ದು. ಇನ್ನೊಂದು ಬೀಡಿನದು, ಕರಗಿಸಿ ಅಚ್ಚಿಗೆ ಸುರಿದದ್ದು. ಬೀಡು ಎಂಬ ಮಾತು ಎರಡೂ ಭಾಷೆಯಲ್ಲಿದೆ, ಮರಾಠಿ ಮನೆಗಳಲ್ಲಿ ‘ಬಿಡಾಚಾ ತವಾ’ ಎನ್ನುವುದು ಇದನ್ನೇ. ಬೀಡು ನಿಧಾನ ಕಾಯುತ್ತದೆ, ಕಾದರೆ ಬೇಗ ಆರುವುದಿಲ್ಲ. ಝುಣಕಕ್ಕೆ, ದೋಸೆಗೆ, ರೊಟ್ಟಿಗೆ ಇದು ಚಂದ. ಆದರೆ ಕೆಳಗೆ ಬಿದ್ದರೆ ಒಡೆಯುತ್ತದೆ, ಒಂದು ಕೈಯಲ್ಲಿ ಎತ್ತಿ ಆಡಿಸಲೂ ಆಗುವುದಿಲ್ಲ. ಚೈನೀಸ್ ಮಾದರಿಯ ಅಡುಗೆಗೆ ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪದ ತಗಡಿನ ಬಾಣಲೆಯೇ ಸರಿ. ಉರಿ ಹೆಚ್ಚಿಸಿದರೆ ತಕ್ಷಣ ಕಾಯುತ್ತದೆ, ಇಳಿಸಿದರೆ ತಕ್ಷಣ ತಣಿಯುತ್ತದೆ. ನಾಲ್ಕು ಜನರ ಮನೆಗೆ ಬಾಯಿ ಹದಿಮೂರು, ಹದಿನಾಲ್ಕು ಇಂಚು ಇದ್ದರೆ ಸಾಕು. ಹಿಡಿಗೆ ಹಾಕಿದ ರಿವೆಟ್ ಅಲ್ಲಾಡುತ್ತದೋ ನೋಡಿ. ಪ್ಲಾಸ್ಟಿಕ್ ಹಿಡಿ ಬೇಡ, ದೊಡ್ಡ ಉರಿಗೆ ಕರಗುತ್ತದೆ.

ದುಂಡು ತಳವೋ, ಸಪಾಟು ತಳವೋ? ಕಟ್ಟಿಗೆ ಒಲೆ ಇದ್ದವರಿಗೆ ದುಂಡು ತಳದಷ್ಟು ಚಂದದ್ದು ಬೇರೆ ಇಲ್ಲ, ಒಲೆಯ ಬಾಯಿಗೆ ತಾನೇ ಕೂತುಬಿಡುತ್ತದೆ. ಗ್ಯಾಸಿನ ಮೇಲೆ ಅಲ್ಲಾಡುತ್ತದೆ, ಅದಕ್ಕೆ ತಳದ ನಡುವೆ ಅಂಗೈ ಅಗಲ ಸಪಾಟಾಗಿರುವುದನ್ನು ಆರಿಸಿ. ಇಂಡಕ್ಷನ್ ಇದ್ದವರಿಗೆ ಸಪಾಟು ತಳವೇ ಗತಿ.

ನಾನ್‌ಸ್ಟಿಕ್ ವೋಕ್ ಎಂದು ಮಾರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಲೇಪ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡತೊಡಗುತ್ತದೆ, ಇನ್ನೂ ಕಾದರೆ ಹೊಗೆ ಬಿಡುತ್ತದೆ. ಖಾಲಿ ಪಾತ್ರೆ ದೊಡ್ಡ ಉರಿಯ ಮೇಲೆ ಕೆಲವೇ ನಿಮಿಷದಲ್ಲಿ ಆ ಕಾವು ಮುಟ್ಟುತ್ತದೆ. ಆ ಹೊಗೆಗೆ ಪಂಜರದ ಗಿಳಿ ಸತ್ತೇ ಹೋಗಬಹುದು, ಹಕ್ಕಿಗಳ ಶ್ವಾಸಕೋಶ ಅಷ್ಟು ಸೂಕ್ಷ್ಮ. ವೋಕ್‌ನ ಇಡೀ ಉದ್ದೇಶವೇ ದೊಡ್ಡ ಉರಿ. ದೊಡ್ಡ ಉರಿ ತಾಳದ ಪಾತ್ರೆಗೆ ಆ ಹೆಸರು ಯಾಕೆ?

ರಕ್ತದ ಮಾತು

ಕಬ್ಬಿಣದ ಪಾತ್ರೆಯ ಬಗ್ಗೆ ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಮಹಾರಾಷ್ಟ್ರದಲ್ಲಿ ನೂರಕ್ಕೆ ಸುಮಾರು 54, ಗಡಿಯಾಚೆ ಕರ್ನಾಟಕದಲ್ಲಿ ಸುಮಾರು 48. ಐದು ವರ್ಷದೊಳಗಿನ ಮಕ್ಕಳಲ್ಲಂತೂ ದೇಶಕ್ಕೆ ನೂರಕ್ಕೆ 67. ಅಂದರೆ ನಮ್ಮ ಓಣಿಯಲ್ಲಿ ಎರಡು ಮನೆಗೊಬ್ಬ ತಾಯಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ, ಅದನ್ನು ‘ಕೆಲಸ ಹೆಚ್ಚಾತು’ ಎಂದುಕೊಂಡು ಸುಮ್ಮನಿರುತ್ತಾಳೆ.

ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಅಡುಗೆಗೆ ಸ್ವಲ್ಪ ಕಬ್ಬಿಣ ಇಳಿಯುತ್ತದೆ. ಇದು ಅಜ್ಜಿಯ ಮಾತಷ್ಟೇ ಅಲ್ಲ. ಇಥಿಯೋಪಿಯಾದಲ್ಲಿ ಕೆಲವು ಮನೆಗಳಿಗೆ ಕಬ್ಬಿಣದ ಪಾತ್ರೆ, ಕೆಲವಕ್ಕೆ ಅಲ್ಯುಮಿನಿಯಂ ಪಾತ್ರೆ ಕೊಟ್ಟು ಮಕ್ಕಳ ರಕ್ತ ಪರೀಕ್ಷಿಸಿದರು. ಕಬ್ಬಿಣದಲ್ಲಿ ಉಂಡ ಮಕ್ಕಳ ಹಿಮೋಗ್ಲೋಬಿನ್ ಹೆಚ್ಚು ಏರಿತ್ತು. ಈ ವರದಿ 1999ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿದೆ. ಟೊಮೆಟೊ, ಹುಣಸೆಯಂಥ ಹುಳಿ ಇದ್ದು, ನೀರಿನಂಶ ಇದ್ದು, ಹೆಚ್ಚು ಹೊತ್ತು ಕುದಿದರೆ ಹೆಚ್ಚು ಇಳಿಯುತ್ತದೆ. ಎರಡು ನಿಮಿಷದ ಫ್ರೈಡ್ ರೈಸಿನಲ್ಲಿ ಅಷ್ಟು ಇಳಿಯದು, ಎಣ್ಣೆಯಲ್ಲಿ ಪಳಗಿದ ನುಣುಪು ಬಾಣಲೆಯಲ್ಲಿ ಇನ್ನೂ ಕಡಿಮೆ. ಹಾಗಾಗಿ ವೋಕ್ ತಂದ ಮನೆಯವರು ಅದರಲ್ಲೇ ಸೊಪ್ಪಿನ ಪಲ್ಯ, ಟೊಮೆಟೊ ಗೊಜ್ಜು, ಝುಣಕ ಮಾಡಬೇಕು. ಊಟದ ಮೇಲೆ ಒಂದು ಹೋಳು ನಿಂಬೆ ಇರಲಿ. ಊಟದ ಜೊತೆಗೇ ಚಹಾ ಬೇಡ, ಅದು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಆಶಾ ಕಾರ್ಯಕರ್ತೆ ಕೊಡುವ ಗುಳಿಗೆಯ ಬದಲಿಗೆ ಕಡಾಯಿ ಅಲ್ಲ, ಗುಳಿಗೆಯ ಜೊತೆಗೆ ಕಡಾಯಿ. ಮನೆಯಲ್ಲಿ ಥಲಸೇಮಿಯಾ ಇದ್ದವರಿದ್ದರೆ ಡಾಕ್ಟರನ್ನು ಕೇಳದೆ ಇದಕ್ಕೆ ಹೋಗಬೇಡಿ, ಅವರ ಮೈಯಲ್ಲಿ ಕಬ್ಬಿಣ ಹೆಚ್ಚಾಗುವುದೇ ತೊಂದರೆ.

ಪಳಗಿಸುವುದು ಹೇಗೆ?

ಹೊಸ ಬಾಣಲೆಗೆ ತುಕ್ಕು ಹಿಡಿಯದಿರಲಿ ಎಂದು ಕಾರ್ಖಾನೆಯ ಎಣ್ಣೆ ಬಳಿದಿರುತ್ತಾರೆ. ಅದು ತಿನ್ನುವ ಎಣ್ಣೆಯಲ್ಲ. ಬಿಸಿನೀರು, ಸೋಪು, ತಂತಿಯ ಬ್ರಷ್ಷು ಹಾಕಿ ಕೈ ಸೋಲುವಷ್ಟು ತಿಕ್ಕಿ. ಈ ಒಂದು ಸಲ ಮಾತ್ರ ಸೋಪಿಗೆ ಸಂಕೋಚ ಬೇಡ. ಒರೆಸಿ ಒಲೆಯ ಮೇಲಿಡಿ, ಕಿಟಕಿ ತೆರೆಯಿರಿ. ಬೂದು ಬಣ್ಣ ಹೋಗಿ ನೀಲಿ ಛಾಯೆ ಬರುವವರೆಗೆ ಕಾಯಿಸಿ. ಕೆಳಗಿಳಿಸಿ, ಸ್ವಲ್ಪ ಆರಿದ ಮೇಲೆ ಬಟ್ಟೆಯಿಂದ ತೆಳುವಾಗಿ ಎಣ್ಣೆ ಸವರಿ. ಕುಸುಬಿ ಎಣ್ಣೆ ಸಿಕ್ಕರೆ ಒಳ್ಳೆಯದು, ಶೇಂಗಾ ಎಣ್ಣೆಯೂ ನಡೆಯುತ್ತದೆ. ಸವರಿದ್ದನ್ನು ಒಣ ಬಟ್ಟೆಯಿಂದ ಮತ್ತೆ ಒರೆಸಿಬಿಡಿ, ಎಣ್ಣೆ ಇದೆಯೋ ಇಲ್ಲವೋ ಎನ್ನುವಷ್ಟು ಉಳಿದರೆ ಸಾಕು. ಹೆಚ್ಚಾದರೆ ಅಂಟು ಅಂಟಾಗಿ ಕೂರುತ್ತದೆ. ಮತ್ತೆ ಹೊಗೆ ಬರುವವರೆಗೆ ಕಾಯಿಸಿ. ಹೀಗೆ ಮೂರು ನಾಲ್ಕು ಸಲ. ಕಾದ ಎಣ್ಣೆ ಗಟ್ಟಿಯಾಗಿ ಕಬ್ಬಿಣಕ್ಕೆ ತೆಳು ಪದರವಾಗಿ ಅಂಟಿಕೊಳ್ಳುತ್ತದೆ. ಅದೇ ಅದರ ನಾನ್‌ಸ್ಟಿಕ್.

ಕಡೆಗೆ ಒಂದು ಮುಷ್ಟಿ ಉಳ್ಳಾಗಡ್ಡಿ ಸಿಪ್ಪೆ ಹುರಿದು ಚೆಲ್ಲಿ ಎನ್ನುತ್ತಾರೆ. ಕುಂಭೋಜದ ಕಡೆಯ ಜೈನ ಮನೆಗಳಲ್ಲಿ ಉಳ್ಳಾಗಡ್ಡಿ ನಡೆಯದಿದ್ದರೆ ದಪ್ಪ ಉಪ್ಪು ಹುರಿದರೂ ಆಯಿತು, ಕಸ ಎತ್ತುವ ಕೆಲಸ ಅದೂ ಮಾಡುತ್ತದೆ.

ಮೊದಲ ತಿಂಗಳು ಅದರಲ್ಲಿ ಹುಳಿ ಕುದಿಸಬೇಡಿ, ಪದರ ಕಿತ್ತು ಹೋಗುತ್ತದೆ. ಒಗ್ಗರಣೆ ಅವಲಕ್ಕಿ, ಚುರುಮುರಿ ಸುಸಲಾ, ಹುರಿದ ಶೇಂಗಾ, ಭಜಿ ಇಂಥವು ಆಗಲಿ. ಆಮೇಲೂ ಸಾರು, ಗೊಜ್ಜು ಅದರಲ್ಲೇ ರಾತ್ರಿಯಿಡೀ ಬಿಡಬೇಡಿ. ಬದನೆಕಾಯಿ ಕಪ್ಪಾದರೆ ಹೆದರಬೇಡಿ, ಅದರ ಒಗರು ಕಬ್ಬಿಣಕ್ಕೆ ತಗುಲಿದಾಗ ಹಾಗಾಗುತ್ತದೆ.

ಗಾಡಿಯ ರುಚಿ ಮನೆಯಲ್ಲಿ ಯಾಕೆ ಬರುವುದಿಲ್ಲ?

ಕಾರಣ ಉರಿ. ಮನೆಯ ಗ್ಯಾಸಿನ ದೊಡ್ಡ ಬರ್ನರ್ ಎರಡು ಮೂರು ಕಿಲೋವ್ಯಾಟಿನಷ್ಟು ಕಾವು ಕೊಡುತ್ತದೆ, ಗಾಡಿಯ ಭಟ್ಟಿ ಅದರ ಹಲವು ಪಟ್ಟು. ಹಾಗೆಂದು ಮನೆಯ ಸಿಲಿಂಡರಿಗೆ ‘ಹೈ ಪ್ರೆಶರ್’ ರೆಗ್ಯುಲೇಟರ್ ಕೂಡಿಸುವ ಸಾಹಸ ಖಂಡಿತ ಬೇಡ. ಮನೆಯ ಪೈಪು, ಒಲೆ ಎರಡೂ ಆ ಒತ್ತಡಕ್ಕೆ ಮಾಡಿದ್ದಲ್ಲ. ಉರಿ ಹೆಚ್ಚಿಸಲಾಗದಿದ್ದರೆ ಪದಾರ್ಥ ಕಡಿಮೆ ಮಾಡಿ. ಒಮ್ಮೆಗೆ ಇಬ್ಬರಿಗಾಗುವಷ್ಟೇ. ಆರು ಜನರ ಗೋಬಿ ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗಿ ತರಕಾರಿ ನೀರು ಬಿಡುತ್ತದೆ, ಆಮೇಲೆ ಅದು ಫ್ರೈ ಅಲ್ಲ, ಪಲ್ಯ.

ಖಾಲಿ ಬಾಣಲೆ ಚೆನ್ನಾಗಿ ಕಾಯಲಿ. ಎಣ್ಣೆ ಬಿಟ್ಟು ಸುತ್ತ ಆಡಿಸಿ. ಹೆಚ್ಚಿದ ತರಕಾರಿಯಲ್ಲಿ ಗಟ್ಟಿಯದು ಮೊದಲು, ಎಲೆಕೋಸಿನಂಥದು ಆಮೇಲೆ. ಎಲ್ಲವೂ ಒಣಗಿರಬೇಕು, ತೊಳೆದ ನೀರು ಸೋರುತ್ತಿರಬಾರದು. ಸೋಯಾ ಸಾಸ್ ಅನ್ನದ ಮೇಲೆ ಸುರಿಯದೆ ಬಾಣಲೆಯ ಅಂಚಿಗೆ ಬಿಡಿ, ಚುರ್ ಎಂದು ಸುಟ್ಟ ವಾಸನೆ ಬರುತ್ತದೆ. ಆ ವಾಸನೆಯೇ ಅರ್ಧ ರುಚಿ. ಸೋಯಾ ಸಾಸಿನಲ್ಲಿ ಉಪ್ಪು ವಿಪರೀತ, ಬಿಪಿ ಇದ್ದವರ ಮನೆಯಲ್ಲಿ ಬೇರೆ ಉಪ್ಪು ಹಾಕಬೇಡಿ.

ಫ್ರೈಡ್ ರೈಸಿಗೆ ತಣ್ಣನ್ನವೇ ಆಗಬೇಕು, ಬಿಸಿ ಅನ್ನ ಮುದ್ದೆಯಾಗುತ್ತದೆ. ನೋಡಿದರೆ ನಮ್ಮ ಒಗ್ಗರಣೆ ಅನ್ನ, ಮರಾಠಿಯ ‘ಫೋಡಣೀಚಾ ಭಾತ್’ ಇದೇ ತಾನೆ! ಚೀನಾದವರು ಸೋಯಾ ಹಾಕಿದರು, ನಾವು ಸಾಸಿವೆ ಅರಿಶಿನ ಹಾಕಿದೆವು. ಆದರೆ ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಒಂದು ಬ್ಯಾಕ್ಟೀರಿಯಾ ವಿಷ ಮಾಡಿಟ್ಟಿರುತ್ತದೆ, ಮತ್ತೆ ಹುರಿದರೂ ಆ ವಿಷ ಹೋಗುವುದಿಲ್ಲ. ಬೇಸಿಗೆಯಲ್ಲಿ ವಾಂತಿಯಾಗುವುದು ಇದರಿಂದಲೂ ಇರಬಹುದು. ಫ್ರಿಜ್ ಇದ್ದರೆ ಅನ್ನ ಆರಿದ ತಕ್ಷಣ ಒಳಗಿಡಿ. ಇಲ್ಲದವರು ನೀರು ಕಡಿಮೆ ಹಾಕಿ ಅನ್ನ ಮಾಡಿ, ಪರಾತದಲ್ಲಿ ಹರಡಿ, ಅರ್ಧ ತಾಸು ಫ್ಯಾನಿನ ಕೆಳಗಿಟ್ಟರೆ ಕೆಲಸ ಆಗುತ್ತದೆ.

ಇನ್ನು ಮಂಚೂರಿಯ ಕೆಂಪು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ರಾಜ್ಯದ ಬೇರೆ ಬೇರೆ ಕಡೆಯಿಂದ ತಂದು ಪರೀಕ್ಷಿಸಿದ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅಸುರಕ್ಷಿತವಾಗಿದ್ದವು. ಆ ಆದೇಶ ಕರ್ನಾಟಕದ್ದು, ನಿಪ್ಪಾಣಿಗೆ ಅನ್ವಯ, ಹಾತಕಣಂಗಲೆಗೆ ಅಲ್ಲ. ಹೊಟ್ಟೆಗೆ ಮಾತ್ರ ಗಡಿ ಗೊತ್ತಿಲ್ಲ. ಮನೆಯಲ್ಲಿ ಆ ಪುಡಿಯ ಗೊಡವೆ ಯಾಕೆ? ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಲ್ಲಿ ನೆನೆಸಿ ಅರೆದರೆ ಅದಕ್ಕಿಂತ ಒಳ್ಳೆಯ ಕೆಂಪು, ಖಾರವೂ ಕಡಿಮೆ. ಖಾರ ಬೇಕೆನ್ನುವವರು ಗಡಹಿಂಗ್ಲಜ ಪೇಟೆಯ ಸಂಕೇಶ್ವರಿ ಮೆಣಸಿನಕಾಯಿ ಎರಡು ಸೇರಿಸಲಿ. ಕರಿದ ಎಣ್ಣೆಯನ್ನು ಸೋಸಿಟ್ಟು ಒಂದೆರಡು ಸಲ ಒಗ್ಗರಣೆಗೆ ಬಳಸಿ ಮುಗಿಸಿ. ಕಪ್ಪಾಗಿ ನೊರೆ ಬರುವ ಎಣ್ಣೆ ಕರಿಯಲು ಬೇಡವೇ ಬೇಡ.

ಇಷ್ಟೆಲ್ಲ ಓದಿ ಪೇಟೆಗೆ ಹೊರಡುವ ಮುನ್ನ ಅಟ್ಟ ಹತ್ತಿ ನೋಡಿ. ಸ್ಟೀಲು, ನಾನ್‌ಸ್ಟಿಕ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅತ್ತೆಯ ಕಾಲದ ಕಬ್ಬಿಣದ ಕಡಾಯಿ ಗುಜರಿಗೆ ಹೋಯಿತು. ಹೋಗದೆ ಉಳಿದದ್ದು ಅಲ್ಲೇ ತುಕ್ಕು ಹಿಡಿದು ಕೂತಿರುತ್ತದೆ. ತಳ ತೂತಾಗಿಲ್ಲವೆಂದರೆ ಅದಕ್ಕೆ ಜೀವ ಇದೆ. ಹುಣಸೆಹಣ್ಣು, ಇಟ್ಟಂಗಿ ಪುಡಿ, ತೆಂಗಿನ ನಾರು ಹಚ್ಚಿ ಲೋಹ ಹೊಳೆಯುವವರೆಗೆ ತಿಕ್ಕಿ, ತೊಳೆದ ಕೂಡಲೇ ಒಲೆಯ ಮೇಲಿಟ್ಟು ಒಣಗಿಸಿ. ಹಾಗೇ ಬಿಟ್ಟರೆ ಅರ್ಧ ತಾಸಿನಲ್ಲಿ ಮತ್ತೆ ತುಕ್ಕು ಬರುತ್ತದೆ. ಆಮೇಲೆ ಮೇಲೆ ಹೇಳಿದಂತೆಯೇ ಎಣ್ಣೆ, ಹೊಗೆ, ಎಣ್ಣೆ, ಹೊಗೆ. ದಿನಾ ಅಡುಗೆ ಮುಗಿದ ಮೇಲೆ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಸವರಿ ಗೋಡೆಗೆ ತೂಗುಹಾಕಿ. ಆಳ ಸ್ವಲ್ಪ ಹೆಚ್ಚಿದ್ದರಿಂದ ಕೈಯಾಡಿಸಲು ಉದ್ದ ಹಿಡಿಯ ಸಟ್ಟುಗವೊಂದು ಬೇಕಾದೀತು.